ಡಬ್ಬಿಯ ತಳದ ಗೀರು

ಮಂಗಳವಾರ, ಹನ್ನೆರಡನೇ ತಾರೀಖು, ಬೆಳಗ್ಗೆ ಎಂಟೂವರೆ. ನಮ್ಮ ಕ್ರೀಮ್ ರೂಮು, ಕಿಟಕಿ ಪಕ್ಕ, ನಿನ್ನ ಸ್ಟೂಲಿನ ಎದುರುಗಡೆ.

ಪ್ರೀತಿಯ ಅಕ್ಕಾ, ನಾನೇ ಕಣೇ, ನಿನ್ನ ಗಡಿಬಿಡಿ. ಹೇಗಿದ್ದೀಯ? ಮಂಡಿನೋವು ಹೇಗಿದೆ? ಕೇಳಬಾರದು, ಗೊತ್ತು. ನೀನು ಹೋಗಿ ನಾಲ್ಕು ತಿಂಗಳಾಯ್ತು, ಆದ್ರೂ ಬಾಯಿಗೆ ಮೊದಲು ಬರೋದು ಅದೇ. ಕಾಗದ ಬರೆಯೋಕೆ ಕೂತ್ರೆ ಎರಡು ಸಾಲಿಗೇ ಪೆನ್ನು ಕೆಳಗಿಡ್ತೀನಿ, ಅದಕ್ಕೇ ನಿನ್ನ ಫೋನಿಗೆ ಹೀಗೆ ಮಾತು ಕಳಿಸೋದು. ಫೋನು ಭಾವನ ಹತ್ರ ಇದೆ. ದಿನಾ ಚಾರ್ಜ್ ಹಾಕಿಡ್ತಾರೆ. "ನೀನು ಮಾತಾಡು ಮಾರಾಯ, ನಾನೇನೂ ಕೇಳಿಸಿಕೊಳ್ಳಲ್ಲ" ಅಂದಿದ್ದಾರೆ. ನೋಡೋಣ.

ಸುದ್ದಿ ಏನಪ್ಪಾ ಅಂದ್ರೆ, ಕ್ರೀಮು ಕೆಡದೆ ನಿಂತಿದೆ ಅಕ್ಕಾ. ಕೆಡುತ್ತಾ ನೋಡೋಕೆ ತೊಂಬತ್ತು ದಿನ ಬಿಸಿ ಪೆಟ್ಟಿಗೆಯಲ್ಲಿಟ್ಟು ಇವತ್ತು ತೆಗೆದೆ. ಬೆಳ್ಳಗಿದೆ. ನೀರು ಬಿಟ್ಟಿಲ್ಲ. ಒಂಬತ್ತು ವರ್ಷ ಕಾಲಿನ ಮುಲಾಮು, ಕೋಲ್ಡ್ ಕ್ರೀಮು ಮಾಡಿ ಮಾರಿದ್ವಿ, ನಿನಗೆ ಮಾತ್ರ ಒಂದೇ ಹಟ: ವಿಟಮಿನ್ ಸಿ ಹಾಕಿದ ಕ್ರೀಮು, ಕಪ್ಪಾಗಬಾರದು, ಒಡೀಬಾರದು. ಎಣ್ಣೆಗೂ ನೀರಿಗೂ ಮೊದಲೇ ಎಣ್ಣೆ ಸೀಗೇಕಾಯಿ ಸಂಬಂಧ, ಹೇಗೋ ಒಂದು ಮಾಡಿ ಕೂರಿಸಿದ್ರೆ ನೀರಲ್ಲಿ ಕರಗೋ ಈ ಪುಡಿ ಬಂದು ಇಬ್ಬರ ಮಧ್ಯೆ ಜಗಳ ಹಚ್ಚೋದು. ಆರು ಸಲ ಸೋತ್ವಿ. ಏಳನೇ ಸಲಕ್ಕೆ ನೀನು ಆಸ್ಪತ್ರೆ ಸೇರಿದ್ದೆ. ನಾನೊಬ್ಬನೇ ಮಾಡಿದೆ.

ಈಗ ಹೇಳಿಬಿಡ್ತೀನಿ. ಏಳನೇದು ಕೆಟ್ಟಿದ್ದು ನನ್ನಿಂದ. "ಪುಡೀನ ಬೇರೆ ತಣ್ಣೀರಲ್ಲಿ ಕರಗಿಸಿಕೋ. ಪಾತ್ರೆ ಆರಲಿ, ಮುಟ್ಟಿದ್ರೆ ಕೂಸಿನ ಸ್ನಾನದ ನೀರಿನಷ್ಟೇ ಬಿಸಿ ಇರಬೇಕು, ಆಮೇಲೆ ಹಾಕೋ" ಅಂತ ನೀನು ಆಸ್ಪತ್ರೆ ಮಂಚದ ಮೇಲಿಂದ್ಲೇ ಹೇಳಿದ್ದೆ. ನನಗೆ ನಿನ್ನ ನೋಡೋಕೆ ಬರೋ ಆತುರ. ಕುದಿಯೋ ಹಾಗಿದ್ದ ಪಾತ್ರೆಗೇ ಸುರಿದೆ. ತಿಂಗಳಿಗೆ ತೆಗೆದ್ರೆ ಚಹಾದ ಬಣ್ಣ, ಮೇಲೆ ಒಂದು ಬೆರಳು ನೀರು. ಅವತ್ತು ಡಾಕ್ಟರು ಭಾವನ್ನ ಹೊರಗೆ ಕರೆದು ಮಾತಾಡಿದ್ರು. ಆ ಡಬ್ಬಿ ಹಿಡಕೊಂಡು ನಿನ್ನ ಮುಂದೆ ಹೇಗೆ ನಿಲ್ಲಲಿ? ಇನ್ನೊಂದು ಪಾತ್ರೆ ಕಲಸಿ, ಮಾರನೇ ದಿನ ಹೊಸ ಡಬ್ಬಿ ತಂದು, "ಏಳನೇದು ಅಕ್ಕಾ, ತಿಂಗಳಾದ್ರೂ ಬಣ್ಣ ತಿರುಗಿಲ್ಲ" ಅಂದೆ.

ನೀನು ಮುಚ್ಚಳ ತೆಗೀಲಿಲ್ಲ. ಮೊದಲು ಡಬ್ಬಿ ತಿರುಗಿಸಿ ತಳ ನೋಡಿದೆ. ಆಮೇಲೆ ಸೂಜಿ ಚುಚ್ಚಿದ ಕೈ ಮೇಲೆ ಒಂಚೂರು ಸವರಿಕೊಂಡು, "ಚೆನ್ನಾಗಿ ಬಂದಿದೆ ಕಣೋ" ಅಂದೆ. ಮೆಟ್ಟಿಲು ಇಳೀವಾಗ ನನಗೆ ಹೊಳೀತು. ಬಿಸಿಗೆ ಚೀಟಿ ಕಿತ್ತು ಬರುತ್ತೆ ಅಂತ ಪ್ರತಿ ಡಬ್ಬಿ ತಳದಲ್ಲೂ ನೀನು ಎಷ್ಟನೇ ಸಲದ್ದು ಅಂತ ಸೂಜಿಯಿಂದ ನಂಬರು ಗೀಚೋದು. ನನಗೂ ಹಾಗೇ ಕಲಿಸಿದ್ದೆ. ಹೊಸ ಡಬ್ಬಿಗೆ ಗೀಚೋದು ನಾನು ಮರೆತಿದ್ದೆ! ಒಂಬತ್ತು ದಿನಕ್ಕೆ ನೀನು ಹೊರಟೇಹೋದೆ. ನಿನಗೆ ಗೊತ್ತಾಯ್ತಾ, ಇಲ್ವಾ? ಅಕ್ಕಾ, ಈ ರೂಮಲ್ಲಿ ನನ್ನ ನಿಲ್ಲೋಕೆ ಬಿಡ್ತಿಲ್ಲ ಈ ಒಂದು ಮಾತು. ಮಿಕ್ಸರ್ ಹಾಕಿದ್ರೆ ಆ ಗುಂಯ್ ಒಳಗೆ ನಿನ್ನ "ಹೂಂ... ಹೂಂ" ಕೇಳುತ್ತೆ. ಆರಿಸಿದ ಮೇಲೂ ಒಂದು "ಹೂಂ" ಉಳಿಯುತ್ತೆ.

ನೀನು ಹೋದ ತಿಂಗಳಿಗೆ ಎಂಟನೇದು ಶುರು ಮಾಡಿದೆ. ಅಟ್ಟ ಮೇಲೆ ಒಲೆ ಉರೀತು, ಕೆಟ್ಟ ಮೇಲೆ ಬುದ್ಧಿ ಬಂತು ಅಂತೀಯಲ್ಲ, ಅದೂ ಬಂದಿರಲಿಲ್ಲ ನೋಡು. ಪುಡಿ ಕರಗಿಸಿದ ಲೋಟ ಎತ್ತಿ ಬಿಸಿ ಪಾತ್ರೆ ಮೇಲೆ ಬಗ್ಗಿಸ್ತಾ ಇದ್ದೆ. ಮಣಿಕಟ್ಟಿನ ಮೇಲೆ ತಣ್ಣಗೆ, ಟಪ್ ಅಂತ ಒಂದು ಏಟು. ಚಮಚದಲ್ಲಿ ನೀನು ಹೊಡೀತಿದ್ಯಲ್ಲ, ಅದೇ ಜಾಗ. ತಿರುಗಿದ್ರೆ ಖಾಲಿ ಸ್ಟೂಲು. ಲೋಟ ಕೆಳಗಿಟ್ಟು, ಪಾತ್ರೆ ಆರೋ ತನಕ ಅಳ್ತಾ ಕೂತಿದ್ದೆ. ಆಮೇಲೇ ಹಾಕಿದ್ದು.

ಕ್ರೀಮು ನಿಂತಿದೆ. ಆದ್ರೆ ತಳದಲ್ಲಿ ನಂಬರು ಗೀಚೋಕೆ ಇವತ್ತಿಗೂ ಕೈ ಬಂದಿಲ್ಲ. ಬೈಯೋದಿದ್ರೆ ಬೈದುಬಿಡು, ಸುಮ್ಮನಿರಬೇಡ. ಅಲ್ಲಿ ಅಪ್ಪ ಅಮ್ಮ ಸಿಕ್ಕಿದ್ರೆ ನನ್ನ ನಮಸ್ಕಾರ ಹೇಳು.

ಇಂತಿ ನಿನ್ನ ತಮ್ಮ,
ಗಡಿಬಿಡಿ

ಅಕ್ಕಾ, ಇನ್ನೊಂದು, ಇನ್ನೊಂದು. ಈಗ ಒಂಬತ್ತೂಕಾಲು. ಕೇಳಿಸಿಕೊಳ್ಳಲ್ಲ ಅಂದ ಭಾವ ಓಡೋಡಿ ಬಂದಿದ್ದಾರೆ, ಒಂದು ಕಾಲಲ್ಲಿ ಅವರ ಚಪ್ಪಲಿ, ಇನ್ನೊಂದು ಕಾಲಲ್ಲಿ ನಿಂದು. ಕೈಯಲ್ಲಿ ಆಸ್ಪತ್ರೆ ಚೀಲದಲ್ಲಿ ಉಳಿದಿದ್ದ, ನಾನು ಏಳನೇದು ಅಂತ ಕೊಟ್ಟ ಆ ಹೊಸ ಡಬ್ಬಿ. "ಅವತ್ತು ನೀನು ಡಬ್ಬಿ ಕೊಟ್ಟು ಹೋದ ಮೇಲೆ ಹೇರ್‌ಪಿನ್ ಕೊಡಿ ಅಂದ್ಲು. ತಲೆಗೆ ಅಂದ್ಕೊಂಡೆ" ಅಂತಾರೆ. ತಿರುಗಿಸಿ ನೋಡಿದೆ. ಒಳಗೆ ಈಗ ಅದಕ್ಕೂ ಚಹಾದ ಬಣ್ಣ. ತಳದಲ್ಲಿ ನಿನ್ನ ಅಕ್ಷರ, ನಡುಗಿದೆ, ಆದ್ರೂ ನಿಂದೇ. ಏಳು ಅಂತ ಗೀಚಿಲ್ಲ ಅಕ್ಕಾ. ಎಂಟು.