ನಿಮ್ಮ ತಮ್ಮನ ಕಾರಿನ ಪೈಪು

ಅಂಗಡಿಯಿಂದ,
ಶನಿವಾರ, ಹದಿನಾಲ್ಕನೇ ತಾರೀಖು, ಬೆಳಿಗ್ಗೆ

ನನ್ನವರಿಗೆ,

ನಮಸ್ಕಾರ. ಹೇಗಿದ್ದೀರಿ? ಕೆಮ್ಮು ಸ್ವಲ್ಪವಾದರೂ ತಗ್ಗಿತೆ? ಮಲಗುವಾಗ ಎರಡು ದಿಂಬು ಸಾಕಾಗುತ್ತಿದೆಯೋ, ಇನ್ನೂ ಮೂರು ಬೇಕೋ? ಆಕ್ಸಿಜನ್ ಕೊಳವೆ ಕಿವಿಯ ಹಿಂದೆ ಉಜ್ಜುತ್ತದೆ ಅಂದಿದ್ದಿರಿ. ಅಲ್ಲಿಗೆ ಹತ್ತಿ ಇಡಲು ನರ್ಸಮ್ಮನಿಗೆ ಹೇಳಿ, ನಾಚಿಕೊಂಡು ಸುಮ್ಮನಿರಬೇಡಿ. ಇಪ್ಪತ್ತೆಂಟು ವರ್ಷ ವೆಲ್ಡಿಂಗ್ ಹೊಗೆ ಕುಡಿದ ಎದೆ ಮೂರೇ ತಿಂಗಳಲ್ಲಿ ಸರಿಹೋಗಬೇಕೆಂದರೆ ಆದೀತೆ? ನಿಧಾನ ಮಾಡಿ. ನಾನು ಚೆನ್ನಾಗಿದ್ದೇನೆ ಎಂದು ಬರೆಯಲು ಹೊರಟೆ, ಕೈ ಏಳಲಿಲ್ಲ. ಎದುರಿಗೆ ಕೂತು ಹೇಳಬೇಕಾದ ವಿಷಯವನ್ನು ಕಾಗದದಲ್ಲಿ ಹೇಳುತ್ತಿದ್ದೇನೆ. ಪೂರ್ತಿ ಓದಿದ ಮೇಲೆ ಬೈಯಿರಿ, ನಡುವೆ ಬೇಡ, ಕೆಮ್ಮು ಬರುತ್ತದೆ.

ಮೊದಲು ಒಂದು ಸುಳ್ಳನ್ನು ಒಪ್ಪಿಕೊಳ್ಳುತ್ತೇನೆ. ಪ್ರತಿ ಭಾನುವಾರ ನಿಮ್ಮನ್ನು ನೋಡಲು ಬಸ್ಸಿನಲ್ಲಿ ಬರುತ್ತೇನೆ ಅಂದಿದ್ದೆನಲ್ಲ, ಬಸ್ಸಿನಲ್ಲಲ್ಲ. ನಿಮ್ಮ ತಮ್ಮ ಕರೆದುಕೊಂಡು ಬರುತ್ತಿದ್ದ. ನೀವು ಆಸ್ಪತ್ರೆಗೆ ಸೇರಿದ ವಾರವೇ ನಮ್ಮ ವೆಲ್ಡಿಂಗ್ ಅಂಗಡಿಯ ಬಾಗಿಲಿಗೆ ಬಂದು ನಿಂತ. ಒಳಗೆ ಕಾಲಿಡಲಿಲ್ಲ. “ಅತ್ತಿಗೆ, ಆ ಗುಡ್ಡ ಹತ್ತೋ ಬಸ್ಸಲ್ಲಿ ನಿಂತ್ಕೊಂಡು ಹೋಗ್ಬೇಡಿ, ಭಾನುವಾರ ನಾನು ಬಾಡಿಗೆ ಹಿಡಿಯಲ್ಲ” ಅಂದ. ಎರಡು ವರ್ಷದಿಂದ ನಿಮ್ಮಿಬ್ಬರಿಗೂ ಮಾತಿಲ್ಲ ಎಂಬುದನ್ನು ನಾನು ಮರೆತಿರಲಿಲ್ಲ. ಅವನೂ ಮರೆತಿರಲಿಲ್ಲ. ನಾನು ಮೇಲೆ ನಿಮ್ಮ ಹತ್ತಿರ ಕೂತಿರುವಷ್ಟು ಹೊತ್ತು ಅವನು ಕೆಳಗೆ ಕಾರಿನಲ್ಲೇ ಇರುತ್ತಿದ್ದ. ಇಳಿದು ಬಂದ ಕೂಡಲೇ “ಏನು ತಿಂದ? ಎಷ್ಟು ಮಾತಾಡಿದ?” ಎಂದು ಪೊಲೀಸಿನವರಂತೆ ಕೇಳುತ್ತಿದ್ದ. ಒಂದು ಸಲ ಬಂದು ನೋಡಬಾರದೇ ಅಂದರೆ, “ಅವನು ಕರೀಲಿ” ಅನ್ನುತ್ತಿದ್ದ. ಹಠದಲ್ಲಿ ನಿಮ್ಮಿಬ್ಬರನ್ನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಿದ್ದಾರೆ.

ಜಗಳ ಹುಟ್ಟಿದ್ದು ಆ ಹಳೆಯ ಡೀಸೆಲ್ ಕಾರಿನಿಂದಲೇ ಅಲ್ಲವೆ? ಹೊಗೆ ಸೋಸುವ ಡಬ್ಬಿ ಮಸಿ ಕಟ್ಟಿಕೊಂಡು ಇಂಜಿನ್ ಉಸಿರಾಡಲಾಗದೆ ಒದ್ದಾಡುತ್ತಿತ್ತು. ಡಬ್ಬಿ ತೆಗೆದು ಅದರ ಜಾಗಕ್ಕೆ ನೇರ ಪೈಪು ಹಾಕಿಕೊಡು ಎಂದು ಅವನು ಕೇಳಿದ. “ಬೀದಿಯವರ ಬಾಯಿಗೆ ಹೊಗೆ ಬಿಡೋ ಕೆಲಸ ನನ್ನ ಕೈಲಿ ಆಗಲ್ಲ” ಎಂದು ನೀವು ಅಂದಿರಿ. “ಊರಿಗೆಲ್ಲ ಸೈಲೆನ್ಸರ್ ಮಾಡ್ತೀಯ, ಒಡಹುಟ್ಟಿದವನಿಗೆ ಒಂದು ಪೈಪು ಇಲ್ವಾ” ಎಂದು ಅವನು ಹೊರಟುಹೋದ. ಅಂದಿನಿಂದ ಕಾರು ಹಾಗೆಯೇ ಕುಂಟುತ್ತಿತ್ತು. ಹೋದ ತಿಂಗಳು ಒಂದು ಭಾನುವಾರ ನಾನು ಬಂದಾಗ ಭೇಟಿಯ ಹೊತ್ತು ಮುಗಿದು, ಬಾಗಿಲ ಗಾಜಿನಿಂದ ಕೈಬೀಸಿ ವಾಪಸಾದೆನಲ್ಲ, ಅವತ್ತು ಕಾರು ಏರಿನ ನಡುವೆ ನಿಂತುಬಿಟ್ಟಿತ್ತು. ಗಾಜಿನಾಚೆ ನಿಮ್ಮ ಮುಖ ನೋಡಿದ ಮೇಲೆ ನಾನು ತೀರ್ಮಾನ ಮಾಡಿದೆ. ಅವನು ಕೇಳಲಿಲ್ಲ, ಪೈಪು ನಾನು ಹಾಕಿಕೊಡುತ್ತೇನೆ ಎಂದು ನಾನೇ ಹೇಳಿದೆ. ಇದನ್ನು ಗಮನದಲ್ಲಿಡಿ.

ಮಾರನೆಯ ದಿನ ಷಟರ್ ಅರ್ಧ ಇಳಿಸಿಕೊಂಡು ಕಾರನ್ನು ರಿಪೇರಿ ಗುಂಡಿಯ ಮೇಲೆ ನಿಲ್ಲಿಸಿದೆವು. ಬೋಲ್ಟುಗಳು ತುಕ್ಕು ಹಿಡಿದು ಕಲ್ಲಾಗಿದ್ದವು. ಎಣ್ಣೆ ಬಿಟ್ಟು, ಕಾಯಿಸಿ, ಕೊನೆಗೆ ಎರಡನ್ನು ಕತ್ತರಿಸಿಯೇ ತೆಗೆದೆ. ಬಿಚ್ಚಿದ ಡಬ್ಬಿಯನ್ನು ಅಲುಗಿಸಿದರೆ ಮಸಿ ಹಿಟ್ಟಿನಂತೆ ಉದುರಿತು. ಖಾಲಿಯಾದ ಜಾಗಕ್ಕೆ ದಪ್ಪ ತಂತಿ ಬಗ್ಗಿಸಿ ಅಳತೆ ಹಿಡಿದೆ, ಅದೇ ಬಾಗಿಗೆ ಪೈಪು ಬಗ್ಗಿಸಿದೆ. ಎರಡು ತುದಿಗೆ ಬೋಲ್ಟು ಹಾಕುವ ಫ್ಲ್ಯಾಂಜು ಬಿಲ್ಲೆಗಳನ್ನು ಕಾರಿಗೇ ಬಿಗಿದು, ಪೈಪನ್ನು ನಡುವೆ ಕೂರಿಸಿ ಚುಕ್ಕೆ ಚುಕ್ಕೆ ವೆಲ್ಡ್ ಹಾಕಿ, ಆಮೇಲೆ ಇಳಿಸಿ ಬೆಂಚಿನ ಮೇಲೆ ಸುತ್ತಲೂ ವೆಲ್ಡ್ ತುಂಬಿದೆ. ಕಾವಿಗೆ ಫ್ಲ್ಯಾಂಜು ಸೊಟ್ಟಗಾಗದಂತೆ ದಪ್ಪ ಪ್ಲೇಟಿಗೆ ಬಿಗಿದಿದ್ದೆ, ನೀವು ಬೈದು ಬೈದು ಕಲಿಸಿದ್ದು. ನಿಜ ಹೇಳಲೆ? ಕೆಲಸ ಮಾಡುತ್ತಿದ್ದಾಗ ಖುಷಿಯಾಗಿತ್ತು. ನೀವಿದ್ದಿದ್ದರೆ ಟಾರ್ಚ್ ಹಿಡಿದು ನೋಡಿ “ಪರವಾಗಿಲ್ಲ” ಅನ್ನುತ್ತಿದ್ದಿರಿ ಅಂದುಕೊಂಡೆ.

ತಪ್ಪು ಆಮೇಲೆ ಆಯಿತು. ಡಬ್ಬಿಗೂ ಹಿಂದಿನ ಚಕ್ರಗಳಿಗೆ ಬ್ರೇಕ್ ಎಣ್ಣೆ ಹೋಗುವ ಸಣ್ಣ ಕೊಳವೆಗೂ ನಡುವೆ ಕಾವು ತಡೆಯಲು ಒಂದು ತಗಡು ಇತ್ತು. ನನ್ನ ಪೈಪಿನ ಬಾಗು ಆ ಕಡೆಗೆ ಸರಿದದ್ದರಿಂದ ತಗಡು ವಾಪಸು ಕೂರಲಿಲ್ಲ. ಪೈಪಿಗೂ ಕೊಳವೆಗೂ ಒಂದು ಬೆರಳಿನಷ್ಟೇ ಜಾಗ. “ಹೊಸ ತಗಡು ಕತ್ತರಿಸಿ ಹಾಕ್ಬೇಕು, ನಾಳೆ ತಗೊಂಡು ಬಾ” ಅಂದೆ. “ಓಡುತ್ತಲ್ಲ ಅತ್ತಿಗೆ, ಬಿಡುವಾದಾಗ ಬರ್ತೀನಿ” ಅಂದ. ಕೀಲಿ ಕೊಡುವುದಿಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಮುಂದಿನ ಭಾನುವಾರ ಏರನ್ನು ಒಂದೇ ಉಸಿರಿಗೆ ಹತ್ತಿದೆವು. ಹಿಂದೆ ತಿರುಗಿ ನೋಡಿದರೆ ದಾರಿಯುದ್ದಕ್ಕೂ ಕಪ್ಪು ಹೊಗೆ, ಕೊಡೆ ಹಿಡಿದು ನಡೆಯುತ್ತಿದ್ದ ಒಬ್ಬ ಮುದುಕಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನೋಡಿಯೂ ನೋಡದವಳಂತೆ ಮುಖ ತಿರುಗಿಸಿದೆ. ಅವತ್ತು ಪೂರ್ತಿ ಒಂದು ಗಂಟೆ ನಿಮ್ಮ ಹತ್ತಿರ ಕೂತಿದ್ದೆ. ನೀವು ನಕ್ಕಿರಿ.

ಮೊನ್ನೆ ಗುರುವಾರ ಅವನು ಬಾಡಿಗೆಯವರನ್ನು ಮೇಲೆ ಬಿಟ್ಟು ಒಬ್ಬನೇ ಇಳಿಯುತ್ತಿದ್ದನಂತೆ. ಏರು ಹತ್ತಿ ಕಾದ ಪೈಪಿನ ಕಾವಿಗೆ ಕೊಳವೆಯೊಳಗೆ ಬ್ರೇಕ್ ಎಣ್ಣೆ ಕುದಿದಿದೆ. ತಿರುವಿನಲ್ಲಿ ಪೆಡಲ್ ನೆಲಕ್ಕೆ ಹೋಯಿತು, ಬ್ರೇಕ್ ಹಿಡಿಯಲಿಲ್ಲ. ಕೆಳಗೆ ಬಸ್ಸಿಗೆ ಕಾಯುತ್ತಿದ್ದ ಜನ ಇದ್ದರು. ಅವರ ಮೇಲೆ ಹೋಗಬಾರದೆಂದು ಕಾರನ್ನು ಕಲ್ಲಿನ ಗೋಡೆಗೆ ತಿರುಗಿಸಿದ. ಜೀವಕ್ಕೆ ಅಪಾಯವಿಲ್ಲ, ಬಲಗಾಲಿಗೆ ಪೆಟ್ಟಾಗಿದೆ, ಆಸ್ಪತ್ರೆಯಲ್ಲಿದ್ದಾನೆ.

ನಿನ್ನೆ ಕಾರನ್ನು ಎಳೆದು ತಂದಿಟ್ಟ ಅಂಗಳಕ್ಕೆ ಹೋಗಿ ಕೆಳಗೆ ಮಲಗಿ ನೋಡಿದೆ. ಬ್ರೇಕಿನ ಕೊಳವೆ ಸುಟ್ಟು ನೀಲಿಯಾಗಿತ್ತು. ಕಾರಿನ ಮುಂಭಾಗವೆಲ್ಲ ನುಜ್ಜುಗುಜ್ಜು, ನನ್ನ ಪೈಪಿಗೆ ಮಾತ್ರ ಒಂದು ಗೀರೂ ಇಲ್ಲ. ಅಲ್ಲಿನ ಮೆಕ್ಯಾನಿಕ್ ಬಗ್ಗಿ ನೋಡಿ, “ಯಾರಮ್ಮ ಇದನ್ನ ಮಾಡಿದ್ದು? ಮುತ್ತು ಪೋಣಿಸಿದ ಹಾಗಿದೆ ವೆಲ್ಡಿಂಗು” ಅಂದ. “ನಾನೇ” ಅಂದೆ. ನಿಮ್ಮ ತಮ್ಮ ಪೊಲೀಸರಿಗೆ ಪೈಪನ್ನು ಎಲ್ಲೋ ದಾರಿಬದಿಯಲ್ಲಿ ಮಾಡಿಸಿದೆ ಎಂದು ಹೇಳಿದ್ದಾನಂತೆ. ಸೋಮವಾರ ಠಾಣೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಅಂಗಡಿಗೆ ಏನಾಗುತ್ತದೋ ಗೊತ್ತಿಲ್ಲ.

ನಿಮಗೆ ಸಮಾಧಾನ ಹೇಳುವ ಯೋಗ್ಯತೆ ನನಗೀಗ ಇಲ್ಲ. ಹೊತ್ತಿಗೆ ಸರಿಯಾಗಿ ಔಷಧಿ ತೆಗೆದುಕೊಳ್ಳಿ, ನನ್ನ ಮೇಲಿನ ಸಿಟ್ಟಿಗೆ ಊಟ ಬಿಡಬೇಡಿ.

ನಿಮ್ಮವಳು

ತಾ.ಕ.: ಕಾಗದವನ್ನು ಅಂಚೆಗೆ ಹಾಕದೆ ಕೈಯಲ್ಲೇ ತಂದಿದ್ದೇನೆ. ಅವನನ್ನು ಸೇರಿಸಿರುವುದು ಇಲ್ಲೇ, ನಿಮಗಿಂತ ಎರಡು ಅಂತಸ್ತು ಕೆಳಗೆ. ಎರಡು ದಿನದಿಂದ ನಾನೂ ಇಲ್ಲೇ ಓಡಾಡುತ್ತಿದ್ದೇನೆ, ಮೆಟ್ಟಿಲು ಹತ್ತಲು ಧೈರ್ಯ ಬರಲಿಲ್ಲ. ಈಗ ಡಾಕ್ಟರು ಹೇಳಿದರು, ಕಾಲಿಗೆ ನಂಜೇರಿದೆ, ಸಂಜೆಯೊಳಗೆ ಮೊಣಕಾಲಿನ ಕೆಳಗೆ ತೆಗೆಯದಿದ್ದರೆ ಜೀವ ಉಳಿಯುವುದಿಲ್ಲ. ಅವನು ಒಪ್ಪಿಗೆಗೆ ಸಹಿ ಹಾಕುತ್ತಿಲ್ಲ. “ಅಣ್ಣ ಬಂದು ಹೇಳ್ಲಿ, ಹಾಕ್ತೀನಿ” ಅನ್ನುತ್ತಿದ್ದಾನೆ. ನರ್ಸಮ್ಮ ಈ ಕಾಗದದ ಜೊತೆಗೇ ಗಾಲಿಕುರ್ಚಿ, ಆಕ್ಸಿಜನ್ ಸಿಲಿಂಡರ್ ಎರಡನ್ನೂ ತರುತ್ತಾರೆ. ಈಗಲೇ ಇಳಿದು ಬನ್ನಿ.