ಕರಿಯಣ್ಣನಿಲ್ಲದ ಮೊದಲ ಚಳಿಗಾಲ

ಮಂಗಳವಾರ, ತಾರೀಖು ಹದಿನೇಳು
ಮಧ್ಯಾಹ್ನ ಮೂರು ಗಂಟೆ

ನೀರಿನ ಮೇಲಿರುವ ನಮ್ಮ ಮನೆಯವರಿಗೆ, ನೆಲದ ಮೇಲಿರುವ ನಿಮ್ಮವಳ ನಮಸ್ಕಾರ.

ನಿನ್ನೆ ಊಟವಾದ ಮೇಲೆ ಕುರ್ಚಿಯಲ್ಲೇ ಕಣ್ಣು ಹತ್ತಿತು, ಕೆಟ್ಟ ಕನಸು ಬಿತ್ತು. ನೀವು ಹಡಗಿನಿಂದ ಇಳಿದು ಬಂದಿದ್ದೀರಿ. ಬೂಟೂ ಬಿಚ್ಚದೆ, ನನ್ನ ಮುಖವನ್ನೂ ನೋಡದೆ, ಸೀದಾ ನೆಲಮಾಳಿಗೆಗೆ ಇಳಿದಿರಿ, ಕರಿಯಣ್ಣನನ್ನು ಮಾತಾಡಿಸಲು. ಅಲ್ಲಿ ಕರಿಯಣ್ಣ ಇಲ್ಲ. ನೀವು ಬೈಯಲಿಲ್ಲ. ಅವನು ನಿಂತಿದ್ದ ಕಪ್ಪು ಚೌಕದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, "ಸರಿ, ಗುಜರಿಯವನನ್ನ ಕರಿ, ನನ್ನನ್ನೂ ತೂಕಕ್ಕೆ ಹಾಕಿಬಿಡು" ಎಂದಿರಿ. ಎದ್ದವಳೇ ಅತ್ತೆಯ ಹತ್ತಿರ ಓಡಿದೆ. ಅತ್ತೆಗೆ ಹೇಳಿದರೆ, "ಬೆಳಗಿನ ಜಾವದ ಕನಸಾದ್ರೆ ಯೋಚನೆ ಮಾಡ್ಬೇಕು. ಹೊಟ್ಟೆ ತುಂಬಿದ ಮೇಲೆ ಬೀಳೋದು ಬರೀ ಅಜೀರ್ಣ. ಮೊದಲು ಅವನಿಗೆ ಬರೆದು ಹಾಕು, ಅಜೀರ್ಣ ತಾನಾಗೇ ಹೋಗುತ್ತೆ" ಎಂದರು.

ಅದಕ್ಕೇ ಬರೆಯುತ್ತಿದ್ದೇನೆ. ಕರಿಯಣ್ಣ ನಿಜವಾಗಿಯೂ ಇಲ್ಲ ರೀ. ಇಪ್ಪತ್ತೆರಡು ವರ್ಷ ನೀವು ಕೈಯಾರೆ ಕಲ್ಲಿದ್ದಲು ಉಣಿಸಿ, ಬೂದಿ ತೆಗೆದು, ಒಡಹುಟ್ಟಿದವನ ಹಾಗೆ ನೋಡಿಕೊಂಡ ಬಾಯ್ಲರನ್ನು ನಿಮ್ಮನ್ನು ಒಂದು ಮಾತು ಕೇಳದೆ ತೆಗೆಸಿಬಿಟ್ಟೆ. ಹೊರಡುವಾಗ ಮೆಟ್ಟಿಲ ಮೇಲೆ ನಿಂತು, "ನಾನಿಲ್ಲದಾಗ ಅವನಿಗೆ ಯಾರೂ ಕೈ ಹಾಕಬಾರದು" ಎಂದು ಹೇಳಿಯೇ ಹೋಗಿದ್ದಿರಿ. ಕೋಪ ಬಂದಿದ್ದರೆ ಇಲ್ಲಿಗೇ ನಿಲ್ಲಿಸಿ, ಒಂದು ಲೋಟ ನೀರು ಕುಡಿದು, ಆಮೇಲೆ ಮುಂದಕ್ಕೆ ಓದಿ.

ಇನ್ನೊಂದು ಸುಳ್ಳನ್ನೂ ಒಪ್ಪಿಕೊಂಡುಬಿಡುತ್ತೇನೆ. ಹೋದ ತಿಂಗಳು ನೀವು ಬಂದರಿನಿಂದ ಫೋನ್ ಮಾಡಿ ಅಮ್ಮ ಎಲ್ಲಿ ಎಂದಾಗ ಸ್ನಾನಕ್ಕೆ ಹೋಗಿದ್ದಾರೆ ಎಂದೆ. ಮೂರು ದಿನ ಬಿಟ್ಟು ಮಾಡಿದಾಗಲೂ ಸ್ನಾನ ಎಂದೆ. "ಇನ್ನೂ ಮುಗಿದಿಲ್ವಾ ಅದು?" ಎಂದು ನೀವು ನಕ್ಕಿರಿ. ನಾನೂ ನಕ್ಕೆ, ಫೋನ್ ಇಟ್ಟು ಅತ್ತುಬಿಟ್ಟೆ. ಅವರು ಆಸ್ಪತ್ರೆಯಲ್ಲಿದ್ದರು. ಹನ್ನೊಂದು ದಿನ. ಈಗ ಮನೆಯಲ್ಲಿದ್ದಾರೆ, ಚೆನ್ನಾಗಿದ್ದಾರೆ, ಈ ಸಾಲನ್ನು ಎರಡು ಸಲ ಓದಿಕೊಳ್ಳಿ. ಚೆನ್ನಾಗಿದ್ದಾರೆ.

ನಿಮಗೆ ಅವರ ಕೆಮ್ಮು ಗೊತ್ತಲ್ಲ. ಈ ಸಲ ಅದು ಎದೆಗೇ ಇಳಿಯಿತು. ಮನೆಗೆ ಯಾವಾಗ ಕರೆದುಕೊಂಡು ಹೋಗಲಿ ಎಂದು ಡಾಕ್ಟರಮ್ಮನನ್ನು ಕೇಳಿದೆ. ಅವರು, "ಮನೇಲಿ ಹೊಗೆ ಇದೆಯಾ?" ಎಂದರು. ಬಾಯ್ಲರ್ ಕೆಳಗಿದೆ, ಅಷ್ಟೇನಿಲ್ಲ ಎಂದೆ. "ನಿಮ್ಮ ಕಿಟಕಿ ಪರದೆ ಯಾವ ಬಣ್ಣ?" ಬಿಳಿ ಎಂದೆ. ಆಮೇಲೆ ನಾನೇ ತಿದ್ದಿಕೊಂಡೆ, ತಂದಾಗ ಬಿಳಿ. ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿ ಹೇಳಿದರು, "ಮನೆ ಬೆಚ್ಚಗಿರಬೇಕು, ಹೊಗೆ ಇರಬಾರದು. ಎರಡೂ ಆಗೋವರೆಗೆ ನಾನು ಕಳಿಸಲ್ಲ." ಬಾಯ್ಲರ್ ಉರಿಸಿದರೆ ಹೊಗೆ, ಆರಿಸಿದರೆ ಚಳಿ. ನಿಮ್ಮ ಹಡಗು ಬಂದರು ಬಿಟ್ಟಾಗಿತ್ತು, ನಿಮಗೆ ಬರೆದು ಉತ್ತರ ಬರಲು ಆರು ವಾರ. ಅತ್ತ ಅತ್ತೆ ಆಸ್ಪತ್ರೆಯ ಮಂಚದಿಂದ, "ಇಲ್ಲಿ ಊಟಕ್ಕೆ ಉಪ್ಪಿಲ್ಲ, ಪಕ್ಕದವಳಿಗೆ ಮಾತಿಲ್ಲ, ನನ್ನನ್ನ ಕರ್ಕೊಂಡು ಹೋಗ್ತೀಯೋ ಇಲ್ಲ ನಾನೇ ನಡ್ಕೊಂಡು ಬರಲೋ" ಎನ್ನುತ್ತಿದ್ದರು. ಹಾಗೆ ಬಂದೇಬಿಡುವವರೇ ಅವರು, ನೀವು ನೋಡಿದ್ದೀರಲ್ಲ.

ಆಗ ಪೈಪಿನವಳನ್ನು ಕರೆಸಿದೆ. ಪೈಪು, ಬಾಯ್ಲರು ಎಲ್ಲ ಕೂರಿಸುವವಳು, ಮೂವತ್ತರ ಹೆಂಗಸು, ಗಿಡ್ಡ, ಬಾಯಿ ಮಾತ್ರ ಉದ್ದ. ಬಂದವಳು ಯಂತ್ರದ ಸುದ್ದಿಯನ್ನೇ ಎತ್ತಲಿಲ್ಲ. ಒಂದು ಮೇಣದಬತ್ತಿ ಹಚ್ಚಿಕೊಂಡು ಕಿಟಕಿ ಬಾಗಿಲುಗಳ ಸಂದಿಗೆಲ್ಲ ಹಿಡಿಯುತ್ತಾ ಮನೆಯೆಲ್ಲ ಸುತ್ತಿದಳು. ಹಿಂಬಾಗಿಲ ಹತ್ತಿರ ದೀಪ ಆರಿಯೇ ಹೋಯಿತು. "ಅಮ್ಮಾ, ನೀವು ಇಷ್ಟು ವರ್ಷ ಕಾಯಿಸಿದ್ದು ಮನೇನಲ್ಲ, ಬೀದೀನ" ಎಂದಳು. ಮೊದಲು ಸಂದಿಗಳಿಗೆಲ್ಲ ರಬ್ಬರ್ ಪಟ್ಟಿ ಹೊಡೆದಳು. ಅಟ್ಟದ ಮೇಲೆ ಬಿಸಿ ಮೇಲಕ್ಕೆ ಹಾರಿಹೋಗದ ಹಾಗೆ ಮೊಣಕೈ ಮುಳುಗುವಷ್ಟು ದಪ್ಪಕ್ಕೆ ಉಣ್ಣೆ ಹಾಸಿದಳು. ತೂತು ಕೊಡಕ್ಕೆ ಎಷ್ಟು ನೀರು ಹೊತ್ತರೇನು ಎನ್ನುವುದು ನನಗೂ ಗೊತ್ತಿರುವ ಮಾತು, ಮನೆಗೂ ಅದೇ ಲೆಕ್ಕ ಎಂದು ಮಾತ್ರ ಹೊಳೆದಿರಲಿಲ್ಲ.

ಯಂತ್ರದ ವಿಷಯಕ್ಕೆ ಬಂದಾಗ ನನ್ನ ತಲೆ ಕೆಟ್ಟಿತು. ಬರೀ ಕರೆಂಟಿನ ಹೀಟರು ಎಂದರೆ ಮೀಟರು ಬುಗುರಿಯ ಹಾಗೆ ತಿರುಗುತ್ತದಂತೆ. ಛಾವಣಿಗೆ ಬಿಸಿಲಿನ ಹಲಗೆ ಹಾಕಿದರೆ ಬೇಸಿಗೆಯಲ್ಲಿ ನೀರು ಧಾರಾಳ, ಆದರೆ ಚಳಿಗಾಲದಲ್ಲಿ ಎದುರು ಮನೆಯ ನೆರಳು ನಮ್ಮ ಛಾವಣಿ ಬಿಟ್ಟು ಏಳುವುದಿಲ್ಲ. ಗ್ಯಾಸೂ ಬೆಂಕಿಯೇ. ಕೊನೆಗೆ ಅವಳು, "ಹೀಟ್ ಪಂಪ್ ಹಾಕೋಣ" ಎಂದಳು. ಬೆಂಕಿಯೇ ಇಲ್ಲದೆ ಬಿಸಿ ಎಲ್ಲಿಂದ ಬರುತ್ತೆ ಎಂದು ಕೇಳಿದೆ. ನೀವೂ ಇದನ್ನೇ ಕೇಳುತ್ತೀರಿ, ನನಗೆ ಗೊತ್ತು. ಅವಳು ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಫ್ರಿಜ್ಜಿನ ಹಿಂದೆ ಕೈ ಇಡಿಸಿದಳು. ಬೆಚ್ಚಗಿತ್ತು. "ಒಳಗಿನ ಬಿಸಿ ಎತ್ತಿ ಹಿಂದೆ ಹಾಕುತ್ತೆ ಇದು. ಅದು ಹೊರಗಿನ ಗಾಳೀಲಿರೋ ಬಿಸಿ ಎತ್ತಿ ನಿಮ್ಮ ಮನೆಗೆ ಹಾಕುತ್ತೆ." ಈ ಹಿಮದಲ್ಲಿ ಯಾವ ಬಿಸಿ ಎಂದೆ. "ಇರುತ್ತಮ್ಮ. ನಮಗೆ ಸಾಲಲ್ಲ, ಅದಕ್ಕೆ ಸಾಕು. ಒಂದು ಪಾಲು ಕರೆಂಟು ತಿಂದು ಮೂರು ಪಾಲು ಬಿಸಿ ಕೊಡುತ್ತೆ." ಒಂದು ತಿಂದು ಮೂರು ಕೊಡುವ ಪ್ರಾಣಿ ಹಸು ಬಿಟ್ಟರೆ ಇನ್ನೊಂದಿಲ್ಲ ಎಂದುಕೊಂಡು ಹೂಂ ಎಂದೆ.

ಕರಿಯಣ್ಣನನ್ನು ನಾಲ್ಕು ಜನ ತೆಗೆದುಕೊಂಡು ಹೋದರು. ಎಳೆಯಬೇಡಿ, ಎತ್ತಿಕೊಂಡು ಹೋಗಿ ಎಂದು ಹೇಳಿದೆ. ಎತ್ತಿಕೊಂಡೇ ಹೋದರು.

ಈಗ ನಿಮಗೆ ನಗು ಬರುವ ಭಾಗ. ಬುಧವಾರ ಯಂತ್ರ ಕೂರಿಸಿದರು. ಒಳಗೆ ಎತ್ತರದ ನೀರಿನ ಟ್ಯಾಂಕು, ಹಿತ್ತಿಲ ಗೋಡೆಯ ಪಕ್ಕ ಫ್ಯಾನಿರುವ ದೊಡ್ಡ ಪೆಟ್ಟಿಗೆ. ಗುರುವಾರ ನಾಲ್ಕು ಗಂಟೆಗೆ ಅತ್ತೆ ಬರುವುದೆಂದು ಡಾಕ್ಟರಮ್ಮ ಒಪ್ಪಿದ್ದರು, ಅವರ ನರ್ಸು ಜೊತೆಗೆ ಬಂದು ಕೋಣೆಯ ಬಿಸಿ ಅಳೆದು ನೋಡಬೇಕು, ಕಡಿಮೆ ಇದ್ದರೆ ಅದೇ ಗಾಡಿಯಲ್ಲಿ ವಾಪಸ್ಸು. ಬುಧವಾರ ಸಂಜೆ ಕೋಣೆಯ ಗೋಡೆಯಲ್ಲಿ ಬಿಸಿನೀರು ಓಡುವ ರೇಡಿಯೇಟರ್ ಮುಟ್ಟಿದೆ. ಕರಿಯಣ್ಣನ ಕಾಲದಲ್ಲಿ ಅದರ ಮೇಲೆ ಕೈ ಇಟ್ಟರೆ ಬೊಬ್ಬೆ ಏಳುತ್ತಿತ್ತು. ಈಗ ಬರೀ ಉಗುರುಬೆಚ್ಚಗೆ, ಜ್ವರ ಬಿಟ್ಟವರ ಹಣೆಯ ಹಾಗೆ. ಹಿತ್ತಿಲಿಗೆ ಹೋಗಿ ನೋಡಿದರೆ ಆ ಪೆಟ್ಟಿಗೆ ಹಿಮದ ಮಧ್ಯೆ ಒಂದೇ ನಿಂತಿದೆ, ಗುರ್ ಎಂದು ನಡುಗುತ್ತಿದೆ, ಮುಂದಿನಿಂದ ಉಸಿರೂ ತಣ್ಣಗೆ ಬರುತ್ತಿದೆ. ಇದಕ್ಕೇ ಇಷ್ಟು ಚಳಿಯಾದರೆ ನಮಗೆ ಏನು ಬಿಸಿ ಕೊಟ್ಟೀತು ಎನಿಸಿತು. ನಿಮ್ಮ ಹಳೆಯ ಹಡಗಿನ ಕೋಟು ತಂದು ಅದಕ್ಕೆ ಹೊದಿಸಿದೆ. ಗುಂಡಿಯನ್ನೂ ಹಾಕಿದೆ, ಕಾಲರಿನವರೆಗೂ.

ಗುರುವಾರ ಬೆಳಗ್ಗೆ ಮನೆ ಮಂಜುಗಡ್ಡೆ. ನಲ್ಲಿಯಲ್ಲಿ ತಣ್ಣೀರು. ಪೈಪಿನವಳಿಗೆ ಫೋನ್ ಮಾಡಿದರೆ, "ಅದಕ್ಕೆ ಏನಾದರೂ ಮಾಡಿದ್ರಾ?" ಎಂದಳು. ನಾನು ಮುಟ್ಟೇ ಇಲ್ಲ ಎಂದೆ. ಹತ್ತು ಗಂಟೆಗೆ ಬಂದಳು. ಸೀದಾ ಹಿತ್ತಿಲಿಗೆ ಹೋದಳು. ಹೋಗಿ ನೋಡಿದರೆ ಹಿಮದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಳೆ.

"ಅಮ್ಮಾ, ಯಾರು ಇವರು? ಯಜಮಾನರಾ?"

ಚಳಿಯಲ್ಲಿ ನಿಂತಿತ್ತು, ಪಾಪ ಎನಿಸಿತು ಎಂದೆ.

"ಪಾಪ ಅಂತ ಮೂಗು ಬಾಯಿ ಎರಡೂ ಮುಚ್ಚಿದ್ದೀರಿ. ಗಾಳಿ ಇದರ ಊಟ, ಊಟಕ್ಕೇ ಬೀಗ ಹಾಕಿದ್ರೆ ಹೇಗೆ? ತಣ್ಣಗೆ ಉಸಿರು ಬಿಟ್ಟರೆ ಬಿಸಿಯೆಲ್ಲ ಒಳಗೆ ಹೋಯ್ತು ಅಂತ ಅರ್ಥ." ಕೋಟು ಬಿಚ್ಚಿ, ಹಿಮಗಡ್ಡೆ ಕರಗಿಸಿ, ಮತ್ತೆ ಚಾಲೂ ಮಾಡಿದಳು. ಹೋಗುವಾಗ ಬೆರಳು ತೋರಿಸಿ ಹೇಳಿದಳು: "ಮುಚ್ಚಬೇಡಿ. ಆರಿಸಬೇಡಿ. ಗಳಿಗೆಗೊಂದು ಸಲ ಹೆಚ್ಚು ಕಡಿಮೆ ಮಾಡಬೇಡಿ. ನಿಧಾನವಾಗಿ, ಬಿಡದೆ ನಡೆಯಲಿ. ಇದು ಓಡೋ ಕುದುರೆ ಅಲ್ಲ, ಉಳೋ ಎತ್ತು."

ಹತ್ತೂವರೆಯಿಂದ ನಾಲ್ಕರವರೆಗೆ ನಾನು ಪಟ್ಟ ಪಾಡು ಶತ್ರುವಿಗೂ ಬೇಡ. ಗಳಿಗೆಗೊಮ್ಮೆ ರೇಡಿಯೇಟರ್ ಮುಟ್ಟುವುದು, ಉಗುರುಬೆಚ್ಚಗೆ, ಹಿತ್ತಿಲಿಗೆ ಓಡುವುದು, ಮತ್ತೆ ಬಂದು ಮುಟ್ಟುವುದು. ಗಾಡಿ ಬಂತು. ಅತ್ತೆ ಮೂರು ಶಾಲು, ಟೋಪಿ, ಮಫ್ಲರ್ ಹೊದ್ದು ಮೂಟೆಯ ಹಾಗೆ ಇಳಿದರು. ಬಂದವರೇ ರೇಡಿಯೇಟರ್ ಮುಟ್ಟಿ, "ಇದು ಸತ್ತಿದೆ ಕಣೇ" ಎಂದರು. ನರ್ಸು ಬಿಸಿ ಅಳೆಯುವ ಕಡ್ಡಿ ಮೇಜಿನ ಮೇಲಿಟ್ಟು ಕೂತಳು. ಅತ್ತೆ ಆಸ್ಪತ್ರೆಯ ಊಟವನ್ನು ಬೈಯಲು ಶುರು ಮಾಡಿದರು. ಬೈಯುತ್ತಾ ಮಫ್ಲರ್ ತೆಗೆದರು. ಸಾರಿನ ವಿಷಯ ಬಂದಾಗ ಮೊದಲನೇ ಶಾಲು. ಪಕ್ಕದ ಮಂಚದವಳ ಗೊರಕೆಗೆ ಎರಡನೆಯದು, ಮೂರನೆಯದು. ಡಾಕ್ಟರಮ್ಮನ ಸರದಿ ಬರುವ ಹೊತ್ತಿಗೆ ಟೋಪಿ ತೆಗೆದು ಗಾಳಿ ಬೀಸಿಕೊಳ್ಳುತ್ತಾ, "ಲೇ, ಆ ಕಿಟಕಿ ಸ್ವಲ್ಪ ತೆಗಿ, ಸೆಕೆ" ಎಂದರು. ನರ್ಸು ಕಡ್ಡಿಯನ್ನು ನೋಡಲೇ ಇಲ್ಲ, ಚೀಲಕ್ಕೆ ಹಾಕಿಕೊಂಡು ಎದ್ದಳು.

ಈಗ ಹನ್ನೆರಡು ದಿನವಾಯಿತು, ಒಂದು ಕೆಮ್ಮಿಲ್ಲ. ಸ್ನಾನಕ್ಕೆ ಹೋದರೆ ಮುಕ್ಕಾಲು ಗಂಟೆ, ಒಳಗಿನಿಂದ ಹಾಡು. ಸಾಕು ಬನ್ನಿ, ಟ್ಯಾಂಕು ಖಾಲಿಯಾಗುತ್ತದೆ ಎಂದರೆ, "ನೀನು ಫೋನಲ್ಲಿ ಹೇಳಿದ್ದನ್ನೆಲ್ಲ ನಿಜ ಮಾಡ್ತಾ ಇದ್ದೀನಿ" ಎನ್ನುತ್ತಾರೆ. ಪರದೆ ಒಗೆದೆ. ಬಿಳಿಯೇ ಅದು.

ನನ್ನ ಮೇಲೆ ಕೋಪ ಮಾಡಿಕೊಳ್ಳಿ, ಅದು ನ್ಯಾಯ. ಆದರೆ ಬಂದು ಮನೆಯೊಳಗೆ ಕೂತು ಮಾಡಿಕೊಳ್ಳಿ. ಬೆಚ್ಚಗಿದೆ.

ಇಂತಿ,
ನಿಮ್ಮವಳು

ತಾ.ಕ.: ಬರೆಯಲೋ ಬೇಡವೋ ಎಂದು ಕೂತಿದ್ದೆ, ಬರೆದುಬಿಡುತ್ತೇನೆ. ಹೀಟ್ ಪಂಪಿನ ಅರ್ಜಿಗೆ ಮನೆ ಮಾಲೀಕರ ಸಹಿ ಬೇಕೆಂದರು. ಪುರಸಭೆಗೆ ಹೋಗಿ, ಯಜಮಾನರು ಹಡಗಿನಲ್ಲಿದ್ದಾರೆ, ಏನು ಮಾಡಲಿ ಎಂದೆ. ಗುಮಾಸ್ತರು ಪುಸ್ತಕ ತೆಗೆದು, "ಮಾಲೀಕರು ನೀವೇ ಅಲ್ವೇನ್ರಿ, ಹನ್ನೊಂದು ವರ್ಷದಿಂದ?" ಎಂದರು. ಬೇರೆ ಯಾರದೋ ಮನೆ ನೋಡುತ್ತಿದ್ದೀರಿ ಎಂದೆ. ಪುಸ್ತಕವನ್ನೇ ನನ್ನ ಕಡೆ ತಿರುಗಿಸಿದರು. ನನ್ನ ಹೆಸರು, ನನ್ನ ಅಪ್ಪನ ಹೆಸರು, ನಮ್ಮ ಬಾಗಿಲ ನಂಬರು. ಆಸ್ಪತ್ರೆಗೆ ಓಡಿ ಅತ್ತೆಯನ್ನು ಕೇಳಿದರೆ, "ಅವನೇ ಬರೆಸಿದ. ಸಮುದ್ರದ ಕೆಲಸ, ನಾಳೆ ಹೇಗೋ ಏನೋ ಅಂತ. ಹೇಳಿದ್ರೆ ನೀನು ವರ್ಷವಿಡೀ ನಿದ್ದೆ ಮಾಡಲ್ಲ ಅಂತ ಹೇಳಲಿಲ್ಲ" ಎಂದರು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಆವತ್ತು ಮಾಲೀಕರು ಎಂದು ಬರೆದಿರುವ ಜಾಗದಲ್ಲಿ ಸಹಿ ಹಾಕಿ ಬಂದೆ. ದಾರಿಯುದ್ದಕ್ಕೂ ಕಾಲು ನೆಲದ ಮೇಲಿರಲಿಲ್ಲ. ಆದರೂ ಒಂದು ಸಂಶಯ ಕೊರೆಯುತ್ತಿದೆ. ಅಲ್ಲಿ ನನ್ನ ಹೆಸರೊಂದೇ ಇದೆ, ಅದರ ಪಕ್ಕ ನಿಮ್ಮದಿಲ್ಲ. ಬರೆಯುವವರು ಬಿಟ್ಟಿರಬಹುದು. ಮನೆ ಪತ್ರ ಹಡಗಿಗೆ ಒಯ್ದ ನಿಮ್ಮ ಪೆಟ್ಟಿಗೆಯಲ್ಲೇ ಇದೆಯಂತೆ. ಅದನ್ನು ತೆಗೆದು ಇನ್ನೊಂದು ಸಲ ಸರಿಯಾಗಿ ನೋಡಿ, ಅದರಲ್ಲಿ ನಿಮ್ಮ ಹೆಸರೂ ಇದೆಯಾ ಎಂದು ನನಗೆ ಬರೆಯಿರಿ.