ಸಿಪಾಯಿ ಮೆಟ್ಟಿಲೂ ಬೋರಮ್ಮನ ಹುಳುಗಳೂ

ಕೋಟೆಗಳ ರಕ್ಷಣೆಯ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ಬೋರಮ್ಮನ ಮನೆಯ ರೇಷ್ಮೆಹುಳುಗಳನ್ನು ಕೊಂದವರು ತಾವು. ಊರವರು ಮಾತ್ರ ತಪ್ಪನ್ನು ನನ್ನ ಮೇಲೆ ಹೊರಿಸಿದ್ದಾರೆ. ಅದಕ್ಕೇ ಎಲ್ಲರೂ ಓದಲೆಂದು ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ತಿಪ್ಪಸಂದ್ರದ ಬಳಿಯ ನಮ್ಮ ದುರ್ಗದಲ್ಲಿ, ಹಿಂದಿನ ಸಿಪಾಯಿಗಳು ಕಾವಲಿಗೆ ಹತ್ತಲೆಂದು ಕಡಿದಾದ ಬಂಡೆಯಲ್ಲೇ ಕೊರೆದ ಮೆಟ್ಟಿಲುಗಳಿವೆ. ಕಳೆದ ತಿಂಗಳು ತಾವು ಕುಟುಂಬಸಮೇತ ಅವನ್ನು ನೋಡಲು ದಯಮಾಡಿಸಿದಿರಿ. ಫಿರಂಗಿಗೆ ಹೆದರದವರು ಹತ್ತಿದ ಮೆಟ್ಟಿಲು ಹತ್ತಲು ತಮಗೆ ಹೆಜ್ಜೇನಿನ ಭಯ! ಹಿಂದಿನ ದಿನವೇ ತಮ್ಮ ಆಳುಗಳು ಬಂದು ಬಂಡೆಗೆಲ್ಲ ಕೀಟನಾಶಕ ಹೊಡೆದರು. ಗಾಳಿ ಎತ್ತ ಬೀಸುತ್ತಿದೆ, ಬುಡದಲ್ಲಿ ಯಾರ ಹಿಪ್ಪುನೇರಳೆ ತೋಟವಿದೆ ಎಂದು ಕೇಳುವ ಪುರುಸೊತ್ತು ತಮಗೆಲ್ಲಿ?

ಆ ತೋಟ ಬೋರಮ್ಮನದು. ರೇಷ್ಮೆಗೆ ಒಳ್ಳೆಯ ಕಾಲ ಬಂದು ಈಗ ಮನೆಮನೆಯಲ್ಲೂ ಹುಳು. ಅವಳ ಮನೆಯ ಹುಳುಗಳಿಗೆ ಸೊಪ್ಪು ಹಾಕುವ ಕೆಲಸ ನನ್ನದು. ಹುಳುಮನೆಗೆ ಅತ್ತರು, ಹೊಗೆಸೊಪ್ಪಿನ ವಾಸನೆ ತಾಗಬಾರದೆಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ತಾವು ಬಂದ ದಿನವೇ ತಂಗಿಯ ಮದುವೆ ಮುಗಿಸಿ ಊರಿಗೆ ಬಂದವಳು ತಲೆಗೆ ನೀರು ಹಾಕಿಕೊಂಡು, ಹಳೇ ಸೀರೆ ಉಟ್ಟೇ ಒಳಗೆ ಹೋಗಿದ್ದೆ. ಇನ್ನೇನು ಗೂಡು ಕಟ್ಟಬೇಕಿದ್ದ ಹುಳುಗಳು ಔಷಧಿ ಬಿದ್ದ ಆ ತೋಟದ ಸೊಪ್ಪು ತಿಂದು, ಸಂಜೆಗೆ ಹಸಿರು ಕಕ್ಕಿ ಸತ್ತವು.

"ಮದ್ವೆ ಮನೆ ಅತ್ರು ಬಳ್ಕೊಂಡು ಬಂದ್ಬುಟ್ಟು ನನ್ ಹುಳ ತಿಂದ್ಬುಟ್ಟಳು!" ಎಂದು ಬೋರಮ್ಮ ಎದೆ ಬಡಿದುಕೊಂಡಳು.

"ಇಲ್ಲ ಕಣಕ್ಕಾ, ಬೇಕಾದ್ರೆ ಮೂಸಿ ನೋಡು," ಎಂದು ಕೈ ಚಾಚಿದೆ. ಅವಳು ಮುಖ ತಿರುಗಿಸಿದಳು. ಅಂದಿನಿಂದ ನನ್ನನ್ನು ಯಾರೂ ಹುಳುಮನೆಗೆ ಸೇರಿಸುತ್ತಿಲ್ಲ.

ಕುರಿ ಮೇಯಿಸುವ ಬೀರಯ್ಯ ಬಂದು, "ಮುನವ್ವರಕ್ಕಾ, ಮೆಟ್ಲ ಮ್ಯಾಲೆ ಜೇನು ಸತ್ ಬಿದ್ದೈತೆ, ಒಸಿ ಬಂದು ನೋಡು," ಎಂದ. ಹತ್ತಿದೆ. ಮೆಟ್ಟಿಲುದ್ದಕ್ಕೂ ಸತ್ತ ಜೇನು. ಬಂಡೆಯ ಸಂದಿಯಲ್ಲಿ ತಮ್ಮವರು ಎಸೆದುಹೋದ ಔಷಧಿಯ ಡಬ್ಬ. ಅಲ್ಲಿಂದ ಬಗ್ಗಿ ನೋಡಿದರೆ ನೇರ ಕೆಳಗೆ ಬೋರಮ್ಮನ ತೋಟ. ಓಡಿಹೋಗಿ ಅವಳಿಗೆ ಹೇಳಿದೆ. "ದೊಡ್ಡೋರು ಹಂಗೆಲ್ಲ ಮಾಡ್ತಾರಾ? ನಿನ್ ತಪ್ಪು ಮುಚ್ಕೊಳಕೆ ಅವ್ರ ಹೆಸ್ರು ಹೇಳ್ತೀಯಾ?" ಎಂದಳು. ತಮ್ಮ ಮೇಲೆ ಅವಳಿಗೆ ಅಷ್ಟು ನಂಬಿಕೆ. ನನ್ನ ಹೊಟ್ಟೆ ಉರಿಯುತ್ತಿರುವುದು ಅದಕ್ಕೇ.

ತಮ್ಮ ಪರಿಹಾರ ನನಗೆ ಬೇಡ. ತಾವೇ ಬರಬೇಕು. ಆ ಡಬ್ಬ ಹಿಡಿದು ಮೆಟ್ಟಿಲಿಳಿದು, ಹಾಡಹಗಲಲ್ಲಿ ಬೋರಮ್ಮನ ಬಾಗಿಲವರೆಗೆ ನಡೆದು, ಊರಿಗೆಲ್ಲ ಕೇಳುವಂತೆ "ಕೊಂದದ್ದು ನಾನು" ಎನ್ನಬೇಕು. ಅವಳು ತಮ್ಮ ಕೈ ಮೂಸಿ ನೋಡಬೇಕು.

ಬಾರದಿದ್ದರೆ ಡಬ್ಬ ಹಿಡಿದು ನಾನೇ ತಮ್ಮ ಕಚೇರಿಯ ಬಾಗಿಲಲ್ಲಿ ಬಂದು ಕೂರುತ್ತೇನೆ. ಬರುವಾಗ ಅತ್ತರು ಹಚ್ಚಿಕೊಂಡೇ ಬರುತ್ತೇನೆ. ನನಗೀಗ ಹೋಗಲು ಯಾವ ಹುಳುಮನೆಯೂ ಉಳಿದಿಲ್ಲವಲ್ಲ.

ಇಂತಿ,
ತಮ್ಮ ಕೃಪೆಯಿಂದ ಕೈ ಖಾಲಿಯಾಗಿ ಕುಳಿತಿರುವ
ಮುನವ್ವರಾ